ಕಾಯ್ದೆಯ ಅಕ್ಷರ, ಕಾಯ್ದೆಯ ಆಶಯ

ಪ್ರಶ್ನೆ: ಉದ್ಯೋಗದಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. 1964ರಲ್ಲಿ ಅದನ್ನು ಅಂಗೀಕರಿಸಿದವರ ಮನಸ್ಸಿನಲ್ಲಿ ಸಲಿಂಗಿಗಳ ವಿಚಾರ ಇದ್ದಂತಿಲ್ಲ. ಆದರೂ ಅವರಿಗೆ ಆ ರಕ್ಷಣೆ ಇದೆಯೆಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಇದು ವ್ಯಾಖ್ಯಾನವೋ, ನ್ಯಾಯಾಧೀಶರೇ ಬರೆದ ಹೊಸ ಕಾನೂನೋ? ತೀರ್ಪು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಎಂಬುದು ನನ್ನ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ.
— ಒಬ್ಬ ಕಾನೂನು ವಿದ್ಯಾರ್ಥಿನಿ

ಉತ್ತರ: ಪದಗಳಿಗೆ ಅಂಟಿಕೊಳ್ಳುವವರು ಸಂಪ್ರದಾಯವಾದಿಗಳು, ಆಶಯವನ್ನು ನೋಡುವವರು ಉದಾರವಾದಿಗಳು ಎಂಬ ಲೆಕ್ಕಾಚಾರದಿಂದ ನಿಮ್ಮ ಗೊಂದಲ ಹುಟ್ಟಿದೆ. ಈ ಕಾಯ್ದೆಯ ಇತಿಹಾಸದಲ್ಲಿ ಆ ಲೆಕ್ಕ ಒಂದಕ್ಕಿಂತ ಹೆಚ್ಚು ಬಾರಿ ತಪ್ಪಿದೆ.

ನೀವು ಹೇಳುತ್ತಿರುವುದು ಬೋಸ್ಟಾಕ್ ಪ್ರಕರಣ. ಸಲಿಂಗಿಗಳ ಸಾಫ್ಟ್‌ಬಾಲ್ ಕೂಟಕ್ಕೆ ಸೇರಿದ ಮೇಲೆ ಕೆಲಸ ಕಳೆದುಕೊಂಡ ಜಾರ್ಜಿಯಾ ರಾಜ್ಯದ ಸರ್ಕಾರಿ ನೌಕರರೊಬ್ಬರ ಅಹವಾಲನ್ನು ಕೋರ್ಟ್ ಇನ್ನೆರಡು ಅಹವಾಲುಗಳ ಜೊತೆ ಪರಿಗಣಿಸಿ, 2020ರ ಜೂನ್ 15ರಂದು 6–3ರ ಬಹುಮತದಿಂದ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ನೀಲ್ ಗೋರ್ಸಚ್. ಅವರ ವಾದ ಕರುಣೆಯ ಮೇಲಾಗಲಿ ಬದಲಾದ ಕಾಲದ ಮೇಲಾಗಲಿ ನಿಂತದ್ದಲ್ಲ. ಎಲ್ಲ ರೀತಿಯಲ್ಲೂ ಸಮಾನರಾದ ಇಬ್ಬರು ನೌಕರರಿದ್ದಾರೆ, ಇಬ್ಬರಿಗೂ ಗಂಡಸರ ಮೇಲೆ ಒಲವು, ಆದರೆ ಒಬ್ಬರು ಹೆಂಗಸು, ಇನ್ನೊಬ್ಬರು ಗಂಡಸು ಎಂದಿಟ್ಟುಕೊಳ್ಳಿ. ಮಾಲೀಕ ಗಂಡಸನ್ನು ಮಾತ್ರ ಕೆಲಸದಿಂದ ತೆಗೆದರೆ, ಇಬ್ಬರ ನಡುವೆ ಉಳಿಯುವ ವ್ಯತ್ಯಾಸ ಲಿಂಗವೊಂದೇ. ಹಾಗಿರುವಾಗ ‘ಲಿಂಗದ ಕಾರಣದಿಂದ’ ಎಂಬ ಮಾತು ಅನ್ವಯಿಸಲೇಬೇಕು ಎಂದರು ಅವರು.

ಮಾಲೀಕರ ಕಡೆಯವರು ಹೋಲಿಕೆಯನ್ನೇ ಬದಲಿಸಿದರು. ಗಂಡಸರನ್ನು ಇಷ್ಟಪಡುವ ಗಂಡಸನ್ನು, ಹೆಂಗಸರನ್ನು ಇಷ್ಟಪಡುವ ಹೆಂಗಸಿನ ಪಕ್ಕ ನಿಲ್ಲಿಸಿ ನೋಡಿದರೆ ಇಬ್ಬರಿಗೂ ಒಂದೇ ಗತಿಯಾಗುತ್ತದೆ, ಹಾಗಾಗಿ ಭೇದವೆಲ್ಲಿ ಎಂಬುದು ಅವರ ಪ್ರಶ್ನೆ. ಗೋರ್ಸಚ್ ಇದಕ್ಕೆ ಉತ್ತರವನ್ನು ಕಾಯ್ದೆಯ ಒಂದು ಸಣ್ಣ ಪದದಲ್ಲಿ ಕಂಡುಕೊಂಡರು. ಕಾಯ್ದೆ ರಕ್ಷಿಸುವುದು ಗುಂಪನ್ನಲ್ಲ, ‘ವ್ಯಕ್ತಿ’ಯನ್ನು, ಇಬ್ಬರಿಗೆ ಅನ್ಯಾಯ ಮಾಡಿದರೆ ತಪ್ಪು ಇಮ್ಮಡಿಯಾಗುತ್ತದೆಯೇ ಹೊರತು ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ.

ಸ್ವಾರಸ್ಯವೆಂದರೆ, ಭಿನ್ನಮತ ಬರೆದವರೂ ಪದನಿಷ್ಠರೇ. ಪದಗಳ ಬಿಡಿ ಅರ್ಥ ಬೇರೆ, ಜನಬಳಕೆಯ ಅರ್ಥ ಬೇರೆ ಎಂದರು ನ್ಯಾಯಮೂರ್ತಿ ಕ್ಯಾವನಾ. ಕನ್ನಡದಲ್ಲಿ ‘ಅವನು ಕೈಕೊಟ್ಟ’ ಎಂಬುದನ್ನು ಬಿಡಿಸಿ ಓದಿದರೆ ಸಹಾಯವೆಂದು ತೋರೀತು, ಆದರೆ ಭಾಷೆ ಬಲ್ಲವರಿಗೆ ಅದು ವಂಚನೆ. ಅವರ ಆಕ್ಷೇಪ ಈ ಬಗೆಯದು. ನ್ಯಾಯಮೂರ್ತಿ ಅಲಿಟೊ ಇನ್ನೂ ಖಾರವಾಗಿ, ಬಹುಮತದ ತೀರ್ಪು ಪದನಿಷ್ಠೆಯ ಬಾವುಟ ಹಾರಿಸಿಕೊಂಡು ಬಂದ ಕಡಲುಗಳ್ಳರ ಹಡಗು ಎಂದು ಬರೆದರು. ಪದಗಳಿಗೆ 1964ರಲ್ಲಿದ್ದ ಅರ್ಥವನ್ನೇ ಹಿಡಿಯಬೇಕೆಂಬುದರಲ್ಲಿ ಎರಡೂ ಪಕ್ಷಗಳಿಗೆ ತಕರಾರಿರಲಿಲ್ಲ. ಪದದ ಅರ್ಥ ಒಂದು, ಅದು ಎಲ್ಲೆಲ್ಲಿ ಅನ್ವಯಿಸೀತೆಂದು ಅಂದಿನವರು ಊಹಿಸಿದ್ದು ಇನ್ನೊಂದು. ಈ ಊಹೆಗೆ ಎಷ್ಟು ಬೆಲೆ ಎಂಬುದೇ ಜಗಳ. ಪದನಿಷ್ಠೆಯ ದೊಡ್ಡ ಪ್ರತಿಪಾದಕರಾದ ನ್ಯಾಯಮೂರ್ತಿ ಸ್ಕಾಲಿಯಾ ಅವರೇ 1998ರಲ್ಲಿ, ಗಂಡಸರು ಗಂಡಸಿಗೆ ಕೊಟ್ಟ ಲೈಂಗಿಕ ಕಿರುಕುಳಕ್ಕೂ ಈ ಕಾಯ್ದೆ ಅನ್ವಯಿಸಬಲ್ಲದೆಂದು, ಶಾಸಕರ ಮುಖ್ಯ ಚಿಂತೆ ಅದಾಗಿರಲಿಲ್ಲವೆಂದು ಒಪ್ಪಿಕೊಂಡೇ ಬರೆದಿದ್ದರು.

ಇನ್ನು ಆಶಯವಾದ. 1979ರ ವೆಬರ್ ಪ್ರಕರಣದಲ್ಲಿ, ಲೂಸಿಯಾನದ ಕಾರ್ಖಾನೆಯೊಂದು ತನ್ನ ತರಬೇತಿಯ ಅರ್ಧದಷ್ಟು ಸ್ಥಾನಗಳನ್ನು ಕಪ್ಪು ಕಾರ್ಮಿಕರಿಗೆ ಮೀಸಲಿಟ್ಟಿತ್ತು. ಜನಾಂಗದ ಕಾರಣಕ್ಕೆ ಭೇದ ಬೇಡವೆನ್ನುವ ಕಾಯ್ದೆಯ ಅಕ್ಷರ, ಮೊಕದ್ದಮೆ ಹೂಡಿದ ಬಿಳಿಯ ಕಾರ್ಮಿಕನ ಪರವಾಗಿ ಕಾಣುತ್ತಿತ್ತು. ಆದರೆ ನ್ಯಾಯಮೂರ್ತಿ ಬ್ರೆನನ್, ಅಕ್ಷರದೊಳಗಿದ್ದರೂ ಆಶಯದ ಹೊರಗಿರಬಹುದು ಎಂಬ 1892ರ ಹಳೆಯ ತೀರ್ಪೊಂದನ್ನು ಆಧರಿಸಿ, ಕಪ್ಪು ಜನರಿಗೆ ಉದ್ಯೋಗದ ಬಾಗಿಲು ತೆರೆಯುವುದೇ ಕಾಯ್ದೆಯ ಗುರಿಯಾಗಿದ್ದರಿಂದ ಈ ಯೋಜನೆ ಸಿಂಧು ಎಂದರು. ಇಲ್ಲಿ ಅಲ್ಪಸಂಖ್ಯಾತರ ಕೈಹಿಡಿದದ್ದು ಆಶಯ, ಬೋಸ್ಟಾಕ್‌ನಲ್ಲಿ ಅಕ್ಷರ.

ಆಶಯ ಹುಡುಕುವುದೂ ಸಲೀಸಲ್ಲ. ಮಸೂದೆಗೆ ‘ಲಿಂಗ’ ಎಂಬ ಪದವನ್ನು ಸೇರಿಸಲು ಸದನದಲ್ಲಿ ಸೂಚಿಸಿದವರು ಆ ಮಸೂದೆಯನ್ನೇ ವಿರೋಧಿಸುತ್ತಿದ್ದ ವರ್ಜೀನಿಯದ ಹೋವರ್ಡ್ ಸ್ಮಿತ್. ಮಸೂದೆಯನ್ನು ಮುಳುಗಿಸಲು ಹಾಗೆ ಮಾಡಿದರೋ, ಮಹಿಳೆಯರ ಹಕ್ಕಿನ ಬಗ್ಗೆ ನಿಜವಾದ ಕಾಳಜಿಯಿತ್ತೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಹಾಗಾದರೆ ಯಾರ ಆಶಯವನ್ನು ಹಿಡಿಯಬೇಕು?

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಬೋಸ್ಟಾಕ್ ವ್ಯಾಖ್ಯಾನವೇ, ಅದೂ ಬಲವಾದ ವ್ಯಾಖ್ಯಾನ. ಆದರೆ ಪದಗಳೇ ಎಲ್ಲವನ್ನೂ ತೀರ್ಮಾನಿಸಿದವು ಎಂಬ ಭಾವವನ್ನು ನಾನು ಒಪ್ಪಲಾರೆ. ಯಾರನ್ನು ಯಾರ ಪಕ್ಕ ನಿಲ್ಲಿಸಿ ಹೋಲಿಸಬೇಕೆಂದು ನಿಘಂಟು ಹೇಳುವುದಿಲ್ಲ, ಅದನ್ನು ನ್ಯಾಯಾಧೀಶರು ಆರಿಸಿಕೊಳ್ಳುತ್ತಾರೆ. 2017ರಲ್ಲಿ ಇದೇ ಪ್ರಶ್ನೆ ಕೆಳಗಿನ ಮೇಲ್ಮನವಿ ಕೋರ್ಟಿಗೆ ಬಂದಾಗ ನ್ಯಾಯಾಧೀಶ ರಿಚರ್ಡ್ ಪೋಸ್ನರ್, ಅಂದಿನ ಶಾಸಕರು ಒಪ್ಪದಿರುತ್ತಿದ್ದ ಅರ್ಥವನ್ನು ನಾವೇ ಕೊಡುತ್ತಿದ್ದೇವೆಂದು ಮುಚ್ಚುಮರೆಯಿಲ್ಲದೆ ಬರೆದರು. ಆ ದಾರಿಯಲ್ಲಿ ನಡೆಯಲು ನನಗೆ ಅಳುಕಿದೆ, ಆದರೂ ಅವರ ಪ್ರಾಮಾಣಿಕತೆಗೆ ತಲೆದೂಗಿದ್ದೇನೆ.

ಪ್ರಶ್ನೆ: ಎಲ್ಲರಿಗೂ ಒಂದೇ ನಿಯಮವಿದ್ದ ಮೇಲೆ ತಾರತಮ್ಯದ ಮಾತೇಕೆ? ಕೋರ್ಟಿನ ಓದು ತಪ್ಪಿದರೆ ತಿದ್ದುವವರು ಯಾರು?
— ಖಾಸಗಿ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿರುವ ಓದುಗರು

ಉತ್ತರ: 1971ರ ಗ್ರಿಗ್ಸ್ ಪ್ರಕರಣದ ವಿದ್ಯುತ್ ಕಂಪನಿ ಹೇಳಿದ್ದೂ ಇದನ್ನೇ. ಒಳ್ಳೆಯ ಕೆಲಸಗಳಿಗೆ ಪ್ರೌಢಶಾಲೆಯ ಪ್ರಮಾಣಪತ್ರ ಮತ್ತು ಲಿಖಿತ ಪರೀಕ್ಷೆಗಳನ್ನು ಅದು ಎಲ್ಲರಿಗೂ ವಿಧಿಸಿತ್ತು. ಆದರೆ ಪ್ರತ್ಯೇಕವಾದ, ಕೀಳುಮಟ್ಟದ ಶಾಲೆಗಳಲ್ಲಿ ಓದಬೇಕಾಗಿದ್ದ ಕಪ್ಪು ನೌಕರರೇ ಹೆಚ್ಚಾಗಿ ಹೊರಗುಳಿದರು. ಆ ಅರ್ಹತೆಗೂ ಕೆಲಸಕ್ಕೂ ಸಂಬಂಧವಿದೆಯೆಂದು ತೋರಿಸಲು ಕಂಪನಿಗೆ ಆಗಲಿಲ್ಲ. ಕೆಟ್ಟ ಉದ್ದೇಶವಿಲ್ಲದಿದ್ದರೂ ಪರಿಣಾಮ ಭೇದದ್ದಾಗಿದ್ದರೆ ಸಾಕೆಂದು ಕೋರ್ಟ್ ಸರ್ವಾನುಮತದಿಂದ ಹೇಳಿತು. 1991ರಲ್ಲಿ ಶಾಸಕಾಂಗ ಈ ತತ್ವವನ್ನು ಕಾಯ್ದೆಯಲ್ಲೇ ಬರೆದಿಟ್ಟಿತು.

ತಿದ್ದುಪಡಿಗೆ ಉದಾಹರಣೆ 1976ರ ಗಿಲ್ಬರ್ಟ್ ಪ್ರಕರಣ. ಕಾಯಿಲೆ ಮತ್ತು ಅಪಘಾತದಿಂದ ಕೆಲಸಕ್ಕೆ ಬರಲಾಗದ ನೌಕರರಿಗೆ ಹಣ ಕೊಡುವ ಯೋಜನೆಯಿಂದ ಗರ್ಭಧಾರಣೆಯನ್ನು ಮಾತ್ರ ಕೈಬಿಟ್ಟಿದ್ದ ಕಂಪನಿಯದ್ದು ಲಿಂಗಭೇದವಲ್ಲ ಎಂದು ಬಹುಮತ ಹೇಳಿತು. ಗರ್ಭಿಣಿಯರು ಮತ್ತು ಗರ್ಭಿಣಿಯರಲ್ಲದವರು ಎಂಬ ವಿಂಗಡಣೆ ಇದು, ಎರಡನೆಯ ಗುಂಪಿನಲ್ಲಿ ಹೆಂಗಸರೂ ಇದ್ದಾರಲ್ಲ ಎಂಬುದು ತರ್ಕ! ಶಾಸಕಾಂಗ 1978ರಲ್ಲಿ, ಲಿಂಗವೆಂದರೆ ಗರ್ಭಧಾರಣೆಯೂ ಸೇರಿತು ಎಂದು ಕಾಯ್ದೆಗೆ ತಿದ್ದುಪಡಿ ತಂದಿತು. ಕಾಯ್ದೆಯ ವಿಷಯದಲ್ಲಿ ಎರಡು ವರ್ಷಗಳಲ್ಲಿ ಆದದ್ದು ಸಂವಿಧಾನದ ವಿಷಯದಲ್ಲಿ ಅಷ್ಟು ಸುಲಭವಾಗಿ ಆಗುವುದಿಲ್ಲ. ಅಲ್ಲಿ, ಬರೆದ ಕಾಲದ ಅರ್ಥವನ್ನೇ ಹಿಡಿಯಬೇಕೆನ್ನುವ ಮೂಲಾರ್ಥವಾದಿಗಳಿಗೂ ಅವರ ವಿರೋಧಿಗಳಿಗೂ ನಡೆಯುವ ವಾಗ್ವಾದ ಇಲ್ಲಿಗಿಂತ ಬಿರುಸಾಗಿರುವುದಕ್ಕೆ ಇದೂ ಒಂದು ಕಾರಣ.