ಕೆಜಿಎಫ್ ಗಣಿಯ ತಳದಲ್ಲಿ ನಿಮ್ಮ ತೂಕ ಎಷ್ಟಿರುತ್ತದೆ?

"ಆಳಕ್ಕೆ ಇಳಿದಂತೆ ಗುರುತ್ವ ಕಡಿಮೆಯಾಗುತ್ತದೆ ಅಂತ ಮಗಳ ಪಿಯುಸಿ ಪುಸ್ತಕದಲ್ಲಿದೆ. ಭೂಮಿಯ ಕೇಂದ್ರ ಹತ್ತಿರವಾದರೆ ಹೆಚ್ಚಬೇಕಲ್ಲವೇ?" ಅಂತ ಕೇಳಿದ್ದೀರಿ. ನಿಮ್ಮ ಅನುಮಾನದಲ್ಲಿ ಹುರುಳಿದೆ. ಆ ಸೂತ್ರ ಬಾಯಿಪಾಠ ಮಾಡಿ ನಾನೂ ಅಂಕ ಗಿಟ್ಟಿಸಿದವನೇ. ಭೂಮಿಯನ್ನು ಒಳಗೂ ಹೊರಗೂ ಒಂದೇ ಹದದ ರವೆ ಉಂಡೆ ಅಂದುಕೊಂಡು ಬರೆದ ಸೂತ್ರ ಅದು ಅಂತ ತಲೆಗೆ ಹೋಗಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಕೆಳಗಿಳಿಯುವಾಗ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಕೇಂದ್ರ ಹತ್ತಿರವಾಗಿ ಸೆಳೆತ ಹೆಚ್ಚುತ್ತದೆ, ಅದು ನಿಮ್ಮ ವಾದ. ಜೊತೆಗೆ, ನೀವು ದಾಟಿ ಬಂದ ಪದರ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಈರುಳ್ಳಿಯ ಹೊರಸಿಪ್ಪೆ ನೆನೆಸಿಕೊಳ್ಳಿ. ಅದರೊಳಗೆ ನೀವಿದ್ದರೆ ತಲೆಯ ಮೇಲಿನ ಸಿಪ್ಪೆ ಹತ್ತಿರ, ಆದರೆ ಸ್ವಲ್ಪ. ಆಚೆ ಬದಿಯದು ದೂರ, ಆದರೆ ಬಹಳ. ಎರಡರ ಎಳೆತವೂ ಸರಿಸಮ, ಉಳಿಯುವುದು ಸೊನ್ನೆ. ನ್ಯೂಟನ್ 1687ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದ.

ಎರಡರಲ್ಲಿ ಯಾವುದರ ಕೈ ಮೇಲಾಗುತ್ತದೆ? ಬಿಟ್ಟುಬಂದ ಪದರದ ಸಾಂದ್ರತೆ ಒಳಗುಳಿದ ಭಾಗದ ಸರಾಸರಿಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಿದ್ದರೆ ಗುರುತ್ವ ಏರುತ್ತದೆ. ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು, ಮೇಲಿನ ಕಲ್ಲಿನದು 3 ಪಟ್ಟಿನ ಆಸುಪಾಸು. ಅಂದಮೇಲೆ ಏರಲೇಬೇಕು.

ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳವಿತ್ತು. ಮೇಲೆ 60 ಕಿಲೋ ತೂಗುವವರು ಅದರ ತಳದಲ್ಲಿ ಹತ್ತು ಹನ್ನೆರಡು ಗ್ರಾಂ ಹೆಚ್ಚು ತೂಗುತ್ತಿದ್ದರು ಅನ್ನುತ್ತದೆ ನನ್ನ ಲೆಕ್ಕ. (ತೂಗಬೇಕಾದ್ದು ಸ್ಪ್ರಿಂಗ್ ತಕ್ಕಡಿಯಲ್ಲಿ. ಅಂಗಡಿಯ ಎರಡು ತಟ್ಟೆ ತಕ್ಕಡಿಯಲ್ಲಾದರೆ ಕಲ್ಲಿನ ಬಟ್ಟೂ ಅಷ್ಟೇ ಭಾರವಾಗಿ ಏನೂ ಗೊತ್ತಾಗುವುದಿಲ್ಲ!) ಅಲ್ಲಿನ ಬಂಡೆಯ ಕಾವಿನಲ್ಲಿ ಅದಕ್ಕಿಂತ ಹೆಚ್ಚು ಬೆವರೇ ಸುರಿದುಹೋಗುತ್ತಿತ್ತು, ಆ ಮಾತು ಬೇರೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 1854ರಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಒಂದು ಲೋಲಕವನ್ನು ಮೇಲೆ, ಇನ್ನೊಂದನ್ನು ಸುಮಾರು 380 ಮೀಟರ್ ಕೆಳಗೆ ತೂಗಿಬಿಟ್ಟ. ಗುರುತ್ವ ಹೆಚ್ಚಿದಷ್ಟೂ ಲೋಲಕ ಬೇಗ ತೂಗುತ್ತದೆ; ಕೆಳಗಿನದು ದಿನಕ್ಕೆ ಎರಡು ಸೆಕೆಂಡಿನಷ್ಟು ಮುಂದೆ ಓಡಿತು.

ಇನ್ನೂ ಕೆಳಗೆ, ಮ್ಯಾಂಟಲ್ ಅನ್ನುವ ದಪ್ಪ ಕಲ್ಲಿನ ಪದರದ ಉದ್ದಕ್ಕೂ, ನೆಲದ ಮೇಲೆ 9.8 (ಮೀಟರ್/ಸೆಕೆಂಡ್²) ಇರುವ ಗುರುತ್ವ ಹೆಚ್ಚುಕಡಿಮೆ 10ರ ಹತ್ತಿರವೇ ಇರುತ್ತದೆ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ಕಬ್ಬಿಣದ ತಿರುಳು ಶುರುವಾಗುವಲ್ಲಿ, 10.7 ಮುಟ್ಟುತ್ತದೆ. ಮೇಲಿನ 60 ಕಿಲೋ ಅಲ್ಲಿ 65 ದಾಟುತ್ತದೆ. ಇಳಿತ ಶುರುವಾಗುವುದು ಅಲ್ಲಿಂದಾಚೆಗೆ. ಕೇಂದ್ರದಲ್ಲಿ ಪೂರ್ತಿ ಸೊನ್ನೆ. ತೂಕವಿಲ್ಲ ಅಂತ ಹಾಯಾಗಿ ತೇಲಬಹುದು ಅಂದುಕೊಳ್ಳಬೇಡಿ. ಮೇಲಿನ ಪದರಗಳ ಭಾರವೆಲ್ಲ ಒತ್ತಿ ಅಲ್ಲಿನ ಒತ್ತಡ ನಮ್ಮ ಗಾಳಿಯ ಒತ್ತಡದ 36 ಲಕ್ಷ ಪಟ್ಟು.

ಭೂಮಿಯ ಹೊರಗೆ ಇಷ್ಟು ತಕರಾರಿಲ್ಲ, ದೂರ ಹೋದಷ್ಟೂ ಕಡಿಮೆಯೇ. ಆದರೂ 400 ಕಿಲೋಮೀಟರ್ ಮೇಲಿರುವ ಬಾಹ್ಯಾಕಾಶ ನಿಲ್ದಾಣದಲ್ಲಿ ನೆಲದ ಮೇಲಿನ ಸುಮಾರು 90% ಗುರುತ್ವ ಹಾಗೇ ಇದೆ. ಅಲ್ಲಿನವರು ತೇಲುವುದು ನಿಲ್ದಾಣದ ಜೊತೆಗೆ ತಾವೂ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ.

ಮಗಳು ಮಾತ್ರ ಪರೀಕ್ಷೆಯಲ್ಲಿ ಪುಸ್ತಕದ ಸೂತ್ರವನ್ನೇ ಬರೆಯಲಿ. "ಸಾಂದ್ರತೆ ಎಲ್ಲೆಡೆ ಒಂದೇ ಎಂದು ಭಾವಿಸಿ" ಅಂತ ಮೊದಲು ಒಂದು ಸಾಲು ಸೇರಿಸಿದರೆ ಸಾಕು.