ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಜಗತ್ತಿನ ಗುರಿಪಟ್ಟಿಯಲ್ಲಿ ನಮ್ಮ ಹಟ್ಟಿ, ಕಾವಲುಗಳಿಗೆ ಜಾಗವಿದೆಯೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕ. ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ನಮ್ಮ ಹಟ್ಟಿ, ದೇವರೆತ್ತು, ಕಂಬಳಿ ನೇಯೋದು ಇದರಲ್ಲಿ ಎಲ್ಲಿ ಬರುತ್ತೆ ಸಾರ್?" ಎಂದು ಕೇಳಿದಳು. (ಹಟ್ಟಿ ಎಂದರೆ ಕುರಿ-ದನ ಸಾಕುವವರ ವಸತಿ; ದೇವರೆತ್ತು ಎಂದರೆ ದೇವರಿಗೆ ಬಿಟ್ಟ ಎತ್ತು.) ಉತ್ತರ ಹೊಳೆಯಲಿಲ್ಲ. ಅಂತರರಾಷ್ಟ್ರೀಯ ಅಭಿವೃದ್ಧಿ ನೀತಿಯಲ್ಲಿ ಸಾಂಸ್ಕೃತಿಕ ವೈವಿಧ್ಯಕ್ಕೆ ನಿಜವಾದ ಸ್ಥಾನವಿದೆಯೇ, ಅಥವಾ ಅದು ಭಾಷಣದ ಮಾತೇ?

ಉತ್ತರ: ಪ್ರತ್ಯೇಕ ಗುರಿಯಾಗಿ ಎಲ್ಲಿಯೂ ಬರುವುದಿಲ್ಲ; ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾಳೆ. 2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆ ಅಂಗೀಕರಿಸಿದ 2030ರ ಕಾರ್ಯಸೂಚಿಯಲ್ಲಿ 17 ಗುರಿಗಳೂ 169 ಉಪಗುರಿಗಳೂ ಇವೆ. ಸಂಸ್ಕೃತಿಯ ಪ್ರಸ್ತಾಪ ಅವುಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಸಿಗುತ್ತದೆ: ಶಿಕ್ಷಣಕ್ಕೆ ಸಂಬಂಧಿಸಿದ 4.7ರಲ್ಲಿ, ಪ್ರವಾಸೋದ್ಯಮದ 8.9ರಲ್ಲಿ, ಪರಂಪರೆಯ ರಕ್ಷಣೆಯನ್ನು ಹೇಳುವ 11.4ರಲ್ಲಿ. ಹೀಗಾದದ್ದು ಯಾರ ಗಮನಕ್ಕೂ ಬಾರದೆ ಅಲ್ಲ. 2013ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಯುನೆಸ್ಕೊ ಕರೆದ ಸಮ್ಮೇಳನ ಸಂಸ್ಕೃತಿಯನ್ನು ಸುಸ್ಥಿರ ಅಭಿವೃದ್ಧಿ ನೀತಿಯ ಕೇಂದ್ರದಲ್ಲಿಡಬೇಕೆಂದು ಘೋಷಿಸಿತ್ತು. ಪ್ರತ್ಯೇಕ ಗುರಿಗಾಗಿ ಹಲವು ದೇಶಗಳ ಸಂಘಟನೆಗಳು ಒಟ್ಟಾಗಿ ಪ್ರಚಾರವನ್ನೂ ನಡೆಸಿದ್ದವು. ಅದಕ್ಕೆ ಎದುರಾಗಿ ಸಾಮಾನ್ಯವಾಗಿ ಕೇಳಿಬಂದ ಆಕ್ಷೇಪಗಳು ಎರಡು: ಸಂಸ್ಕೃತಿಯನ್ನು ಅಂಕಿಅಂಶದಲ್ಲಿ ಅಳೆಯುವುದು ಕಷ್ಟ ಎಂಬುದು ಒಂದು, ಸಂಸ್ಕೃತಿಯ ನೆಪದಲ್ಲಿ ಹಕ್ಕುಗಳ ಉಲ್ಲಂಘನೆಯನ್ನು ಸಮರ್ಥಿಸಿಕೊಳ್ಳಬಹುದು ಎಂಬುದು ಇನ್ನೊಂದು. ಎರಡನೆಯದು ಹಗುರವಾದ ಆಕ್ಷೇಪವಲ್ಲ; ಮುಂದಿನ ಪ್ರಶ್ನೆಯಲ್ಲಿ ಅದಕ್ಕೆ ಬರುತ್ತೇನೆ.

ಅಳತೆಯ ಮಾತನ್ನೇ ತೆಗೆದುಕೊಳ್ಳಿ. 11.4ರ ಪ್ರಗತಿಯನ್ನು ತಿಳಿಯಲು ಇಟ್ಟಿರುವ ಸೂಚ್ಯಂಕವೆಂದರೆ, ಸಾಂಸ್ಕೃತಿಕ ಹಾಗೂ ಪ್ರಾಕೃತಿಕ ಪರಂಪರೆಯ ರಕ್ಷಣೆಗೆ ಜನಸಂಖ್ಯೆಯ ಒಬ್ಬೊಬ್ಬರ ಲೆಕ್ಕದಲ್ಲಿ ತಲಾ ಎಷ್ಟು ಹಣ ಖರ್ಚಾಯಿತು ಎಂಬುದು. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಗೋಡೆಗೆ ಮಾಡಿದ ದುರಸ್ತಿಯ ವೆಚ್ಚ ಈ ಲೆಕ್ಕಕ್ಕೆ ಸಲೀಸಾಗಿ ಸೇರುತ್ತದೆ. ಅದೇ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿದ ಜಾಣ್ಮೆಯಾಗಲಿ, ಕೆರೆಯ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಮೊದಲು ನೀರು ಬಿಡಬೇಕು ಎಂದು ಬಲ್ಲ ನೀರುಗಂಟಿಯ ತಿಳಿವಳಿಕೆಯಾಗಲಿ ಸೇರುವುದಿಲ್ಲ. ಕಲ್ಲಿಗೆ ಲೆಕ್ಕವಿದೆ, ಬಲ್ಲವರಿಗೆ ಇಲ್ಲ. 2019ರಲ್ಲಿ ಯುನೆಸ್ಕೊ 22 ಸೂಚ್ಯಂಕಗಳ ಇನ್ನೊಂದು ಚೌಕಟ್ಟನ್ನು ಪ್ರಕಟಿಸಿದೆ. ಅದು ಕೌಶಲ, ಜ್ಞಾನ, ಸಮುದಾಯದ ಭಾಗವಹಿಸುವಿಕೆಯನ್ನೂ ಗಮನಿಸುತ್ತದೆ. ಆದರೆ ಅದನ್ನು ಅನುಸರಿಸುವುದು ದೇಶಗಳ ಇಚ್ಛೆಗೆ ಬಿಟ್ಟದ್ದು.

ಇನ್ನು ಕಾವಲಿನ, ಅಂದರೆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲಿನ ವಿಷಯ. ಮೈಸೂರು ಅರಸರ ಕಾಲದ ದನಗಳ ಇಲಾಖೆ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಆಯಿತು. ಆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ ಎಂಬ ವಿಂಗಡಣೆಯಿತ್ತು. ಸುತ್ತಲಿನ ಹಟ್ಟಿಗಳ ಕುರಿದನಗಳೂ ಇವುಗಳನ್ನೇ ನಂಬಿದ್ದವು. ಈ ಭಾಗದ ಪಶುಪಾಲಕ ಸಮುದಾಯವಾದ ಮ್ಯಾಸನಾಯಕರ ದೇವರೆತ್ತುಗಳನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಅವನ್ನು ಕಾಯುವ ಕಿಲಾರಿಗಳು ಮೇಯಿಸಿಕೊಂಡು ಬಂದದ್ದೂ ಇಂಥ ಬಯಲುಗಳಲ್ಲೇ. 2007ರಿಂದೀಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ 9,000 ಎಕರೆಗೂ ಮಿಕ್ಕಿ ಜಮೀನನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಕೆಲವು ಉದ್ಯಮಗಳಿಗೂ ಹಂಚಲಾಯಿತು; ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿ 2014ರಲ್ಲಿ ತೀರ್ಪೂ ಬಂತು. ಆ ಯೋಜನೆಗಳು ಬೇಕೇ ಬೇಡವೇ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಆ ಬಯಲನ್ನು ಕಾಗದದ ಮೇಲೆ ನೋಡಿದವರಿಗೆ ಅದು ಖಾಲಿ ಜಾಗವಾಗಿ ಕಂಡಿತು, ಏಕೆಂದರೆ ಅಲ್ಲಿದ್ದ ಬಳಕೆಯನ್ನು ಗುರುತಿಸುವ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ.

ಕಂಬಳಿಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಹಾಸನ್ನು (ಉದ್ದುದ್ದದ ನೂಲನ್ನು) ಬೀದಿಯುದ್ದ ಎಳೆದು ಕಟ್ಟಿ, ಹುಣಸೆ ಬೀಜವನ್ನು ಅರೆದು ಬೇಯಿಸಿದ ಸರಿಯನ್ನು, ಅಂದರೆ ಗಂಜಿಯನ್ನು, ಕುಂಚದಿಂದ ಸವರಿ, ಬಿಸಿಲಿಗೆ ಒಣಗಿಸಿ, ಅನಂತರ ಗುಂಡಿ ಮಗ್ಗಕ್ಕೆ ಏರಿಸುತ್ತಾರೆ. ಆ ಸರಿ ಹಿಡಿದರೆ ಮಾತ್ರ ಕಂಬಳಿ ಬಿರುಸಾಗಿ, ಕುರಿ ಕಾಯುವವನ ತಲೆಯ ಮೇಲೆ ಕೊಪ್ಪೆಯಾಗಿ ನಿಲ್ಲುತ್ತದೆ. ಕಾವಲು ಹೋದರೆ ಕುರಿ ಕಡಿಮೆಯಾಗುತ್ತದೆ, ಅಥವಾ ಉಣ್ಣೆ ಬಾರದ ಮಾಂಸದ ತಳಿ ಬರುತ್ತದೆ. ಉಣ್ಣೆ ಇಲ್ಲದಿದ್ದರೆ ರಾಟೆ ಅಟ್ಟ ಸೇರುತ್ತದೆ, ರಾಟೆಯೊಂದಿಗೆ ಹೆಂಗಸರ ಕೈಗೆ ನೇರವಾಗಿ ಬರುತ್ತಿದ್ದ ಕಾಸೂ ನಿಲ್ಲುತ್ತದೆ. ಆಮೇಲೆ ನೇಕಾರರಿಗೆ ಸುಧಾರಿತ ಮಗ್ಗ ಕೊಟ್ಟು ಕರಕುಶಲ ಮೇಳ ಏರ್ಪಡಿಸಿದರೆ ಉಪಯೋಗ ಅಷ್ಟಕ್ಕಷ್ಟೇ. ಹುಲ್ಲು ಒಂದು ಇಲಾಖೆಗೆ, ಕುರಿ ಇನ್ನೊಂದಕ್ಕೆ, ಮಗ್ಗ ಮತ್ತೊಂದಕ್ಕೆ ಸೇರಿರುವಾಗ ಮೂರನ್ನೂ ಒಟ್ಟಿಗೆ ಹಿಡಿದಿರುವುದು ಹಟ್ಟಿಯ ಬದುಕು ಮಾತ್ರ. ವೈವಿಧ್ಯದ ಪರವಾಗಿ ವಾದಿಸುವುದೆಂದರೆ ಈ ಬದುಕಿಗೆ ನೀತಿಯಲ್ಲಿ ಸ್ಥಾನ ಕೇಳುವುದು. ಉತ್ಸವದ ಮೆರವಣಿಗೆಯಲ್ಲಿ ಕಂಬಳಿ ಹೊದ್ದ ನಾಲ್ವರನ್ನು ನಡೆಸುವುದಲ್ಲ.

ಈ ವಾದಕ್ಕೆ ಅಂತರರಾಷ್ಟ್ರೀಯ ಆಧಾರಗಳಿಗೇನೂ ಕೊರತೆಯಿಲ್ಲ. ಪ್ರಕೃತಿಗೆ ಜೀವವೈವಿಧ್ಯ ಎಷ್ಟು ಅಗತ್ಯವೋ ಮನುಕುಲಕ್ಕೆ ಸಾಂಸ್ಕೃತಿಕ ವೈವಿಧ್ಯ ಅಷ್ಟೇ ಅಗತ್ಯ ಎಂದು ಯುನೆಸ್ಕೊದ 2001ರ ಘೋಷಣೆ ತನ್ನ ಮೊದಲ ವಿಧಿಯಲ್ಲೇ ಹೇಳಿದೆ. ಘೋಷಣೆಗೆ ಕಾನೂನಿನ ಬಲವಿಲ್ಲ. ಆದರೆ 2005ರ ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯ ಕುರಿತ ಒಡಂಬಡಿಕೆಗೆ ಇದೆ. ಅದರ 13ನೇ ವಿಧಿ, ಸದಸ್ಯ ದೇಶಗಳು ಎಲ್ಲ ಹಂತದ ಅಭಿವೃದ್ಧಿ ನೀತಿಗಳಲ್ಲಿ ಸಂಸ್ಕೃತಿಯನ್ನು ಸೇರಿಸಲು ಯತ್ನಿಸಬೇಕು ಎನ್ನುತ್ತದೆ. ಭಾರತ 2006ರ ಡಿಸೆಂಬರ್‌ನಲ್ಲೇ ಅದನ್ನು ಅನುಮೋದಿಸಿತು, 2007ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. 2022ರಲ್ಲಿ ಮೆಕ್ಸಿಕೊ ನಗರದಲ್ಲಿ ಸೇರಿದ ಸಂಸ್ಕೃತಿ ಸಚಿವರು ಸಂಸ್ಕೃತಿಯನ್ನು ಜಾಗತಿಕ ಸಾರ್ವಜನಿಕ ಒಳಿತೆಂದು ಕರೆದು, ಮುಂದಿನ ಕಾರ್ಯಸೂಚಿಯಲ್ಲಿ ಅದಕ್ಕೆ ಪ್ರತ್ಯೇಕ ಗುರಿ ಬೇಕೆಂದರು. ಮರುವರ್ಷ ಭಾರತದ ಅಧ್ಯಕ್ಷತೆಯಲ್ಲಿ ಜಿ-20ರ ಸಂಸ್ಕೃತಿ ಕಾರ್ಯಗುಂಪು ನಮ್ಮ ಪಕ್ಕದ ಹಂಪಿಯಲ್ಲೂ ಸಭೆ ನಡೆಸಿತು. ಆ ವರ್ಷದ ದೆಹಲಿ ಘೋಷಣೆ 2030ರ ನಂತರದ ಚರ್ಚೆಯಲ್ಲಿ ಪ್ರತ್ಯೇಕ ಗುರಿಯ ವಿಚಾರವನ್ನು ಮುಂದಕ್ಕೊಯ್ಯಬೇಕೆಂದಿತು. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 'ಭವಿಷ್ಯದ ಒಪ್ಪಂದ'ವು ಸಂಸ್ಕೃತಿಯನ್ನು ಕ್ರೀಡೆಯ ಜೊತೆ ಸೇರಿಸಿ ಸುಸ್ಥಿರ ಅಭಿವೃದ್ಧಿಯ ಅವಿಭಾಜ್ಯ ಅಂಗ ಎಂದಿದೆ. ಕ್ರೀಡೆಗೂ ಸಂಸ್ಕೃತಿಗೂ ಒಂದೇ ಸಾಲು! ನಮ್ಮ ಜಿಲ್ಲಾ ಕಚೇರಿಗಳ ಕಡತಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ನಾನು ಪ್ರತ್ಯೇಕ ಗುರಿಯ ಪರ. ಆದರೆ ಆ ಗುರಿಯನ್ನೂ ವಸ್ತುಸಂಗ್ರಹಾಲಯ, ಉತ್ಸವ, ಪ್ರವಾಸಿಗರ ಸಂಖ್ಯೆಗಳಿಂದಲೇ ಅಳೆಯುವುದಾದರೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ 2031ರಲ್ಲೂ ಹಾಗೆಯೇ ಉಳಿಯುತ್ತದೆ. ನಿರ್ಧಾರಕ್ಕೆ ಮೊದಲು ಹಟ್ಟಿಯವರನ್ನು ಕೇಳಲಾಯಿತೇ, ಅವರು ಹೇಳಿದ್ದರಿಂದ ಯೋಜನೆಯಲ್ಲಿ ಏನು ಬದಲಾಯಿತು ಎಂಬುದು ಅಳತೆಯಾಗಬೇಕು.

ಪ್ರಶ್ನೆ: ಸಂಸ್ಕೃತಿಯ ವೈವಿಧ್ಯವನ್ನು ಗೌರವಿಸಬೇಕೆನ್ನುವವರು, ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇಡುವ ಪದ್ಧತಿಯನ್ನೂ ಗೌರವಿಸಬೇಕೇ? (ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬೇಕಿಲ್ಲ. ಇದರಲ್ಲಿ ಅಂತರರಾಷ್ಟ್ರೀಯ ದಾಖಲೆಗಳು ಎಳ್ಳಷ್ಟೂ ಗೊಂದಲ ಉಳಿಸಿಲ್ಲ: ಮಾನವ ಹಕ್ಕುಗಳನ್ನು ಮುರಿಯಲು ಅಥವಾ ಕಿರಿದುಗೊಳಿಸಲು ಯಾರೂ ಸಾಂಸ್ಕೃತಿಕ ವೈವಿಧ್ಯವನ್ನು ಮುಂದೊಡ್ಡುವಂತಿಲ್ಲ ಎಂದು 2001ರ ಘೋಷಣೆಯ 4ನೇ ವಿಧಿ ಹೇಳುತ್ತದೆ, 2005ರ ಒಡಂಬಡಿಕೆಯ 2ನೇ ವಿಧಿಯೂ ಅದನ್ನೇ ಮೊದಲ ತತ್ತ್ವವಾಗಿ ಇಟ್ಟಿದೆ. ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯೂ ಇಂಥ ಬಹಿಷ್ಕಾರವನ್ನು ಅಪರಾಧವೆಂದೇ ಪರಿಗಣಿಸುತ್ತದೆ.

ಆದರೆ ಕಾಡುಗೊಲ್ಲರ ಹಟ್ಟಿಯ ಸುದ್ದಿ ಪತ್ರಿಕೆಗೆ ಬರುವುದು ಈ ಒಂದೇ ಕಾರಣಕ್ಕೆ ಎಂಬುದನ್ನೂ ಗಮನಿಸಿ. ಗಣೆ ಎಂಬ ಉದ್ದನೆಯ ಕೊಳಲನ್ನು ನುಡಿಸುತ್ತ ತನ್ನ ಸಾಂಸ್ಕೃತಿಕ ವೀರ ಜುಂಜಪ್ಪನ ಕತೆಯನ್ನು ರಾತ್ರಿಯಿಡೀ ಹಾಡುವ, ಕುರಿ-ದನಗಳ ಕುರಿತು ಅಪಾರ ತಿಳಿವಳಿಕೆಯುಳ್ಳ ಸಮುದಾಯವೊಂದು ಹೊರಗಿನವರ ಕಣ್ಣಿಗೆ ಕೇವಲ ಮುಟ್ಟಾದವರನ್ನೂ ಬಾಣಂತಿಯರನ್ನೂ ಇಡುವ ಒಂದು ಗುಡಿಸಲಾಗಿ ಉಳಿದರೆ, ಅಲ್ಲಿಗೆ ಹೋಗುವ ಅಧಿಕಾರಿಯ ಮಾತೂ ಗದರಿಕೆಯಾಗಿಯೇ ಇರುತ್ತದೆ. ಪೊಲೀಸರ ಜೊತೆ ಹೋಗಿ ಗುಡಿಸಲು ಕೀಳಿಸಿದರೆ ಅದು ಇನ್ನೊಂದಿಷ್ಟು ದೂರದಲ್ಲಿ ಏಳುತ್ತದೆ. ಸರ್ಕಾರವೇ ಹಟ್ಟಿಯ ಹೊರಗೆ ಹೆಂಗಸರಿಗಾಗಿ ಕಟ್ಟಡ ಕಟ್ಟಿಸಿಕೊಟ್ಟದ್ದಂತೂ ನನ್ನ ದೃಷ್ಟಿಯಲ್ಲಿ ಪದ್ಧತಿಗೆ ಸಿಮೆಂಟು ಹಾಕಿದಂತಾಯಿತು. ಸಂಪ್ರದಾಯ ಎಂಬುದು ಹಟ್ಟಿಯ ಯಜಮಾನರೂ ಪೂಜಾರಿಗಳೂ ಹೇಳಿದ್ದಷ್ಟೇ ಅಲ್ಲ. ಅದೇ ಹಟ್ಟಿಯ ಆಶಾ ಕಾರ್ಯಕರ್ತೆ, ಕಾಲೇಜಿಗೆ ಹೋಗುವ ಹುಡುಗಿ, ಚಳಿಯಲ್ಲಿ ಮಗುವನ್ನು ತಬ್ಬಿ ಮಲಗಿದ ಬಾಣಂತಿ ಏನು ಹೇಳುತ್ತಾರೆ ಎಂಬುದೂ ಆ ಸಂಸ್ಕೃತಿಯ ಒಳಗಿನ ಮಾತೇ. ವೈವಿಧ್ಯದ ನೀತಿ ಸಂಸ್ಕೃತಿಗಳ ನಡುವಿನ ಭಿನ್ನತೆಗೆ ಎಷ್ಟು ಬದ್ಧವೋ, ಒಂದೇ ಸಂಸ್ಕೃತಿಯೊಳಗಿನ ಭಿನ್ನಮತಕ್ಕೂ ಅಷ್ಟೇ ಬದ್ಧವಾಗಿರಬೇಕು.

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ. ಇಷ್ಟು ದೊಡ್ಡ ಒಡಂಬಡಿಕೆಗಳಿಗೂ ನಮ್ಮ ಪಂಚಾಯಿತಿಗೂ ಏನು ಸಂಬಂಧ? ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ, ಅದೂ ನೀವು ಪ್ರತಿವರ್ಷ ಸಹಿ ಮಾಡುವ ಕಾಗದದಲ್ಲೇ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಈಗ ಸುಸ್ಥಿರ ಅಭಿವೃದ್ಧಿ ಗುರಿಗಳಿಂದ ಇಳಿಸಿದ 9 ವಿಷಯಗಳ ಅಡಿಯಲ್ಲಿ ತಯಾರಿಸಲಾಗುತ್ತದೆ: ಬಡತನಮುಕ್ತ ಗ್ರಾಮ, ಆರೋಗ್ಯಕರ ಗ್ರಾಮ, ಮಕ್ಕಳಸ್ನೇಹಿ ಗ್ರಾಮ, ಜಲಸಮೃದ್ಧ ಗ್ರಾಮ, ಹೀಗೆ. ಅವುಗಳಲ್ಲಿ ಸಂಸ್ಕೃತಿ ಇಲ್ಲ. ನ್ಯೂಯಾರ್ಕ್‌ನಲ್ಲಿ ಬಿಟ್ಟುಹೋದದ್ದು ಹೊಸದುರ್ಗದಲ್ಲೂ ಬಿಟ್ಟುಹೋಗಿದೆ. ಹತ್ತನೆಯ ವಿಷಯ ಸೇರಿಸುವುದು ನಿಮ್ಮ ಕೈಯಲ್ಲಿಲ್ಲ, ಆದರೆ ಇರುವ ಒಂಬತ್ತರೊಳಗೆ ನಿಮ್ಮ ಊರಿನ ತಿಳಿವಳಿಕೆಯನ್ನು ಬರೆಯಿಸುವುದಕ್ಕೆ ಯಾರೂ ಅಡ್ಡಬರುವಂತಿಲ್ಲ. ಜಲಸಮೃದ್ಧ ಗ್ರಾಮದಡಿ ಕೆರೆಯ ಹೂಳು ತೆಗೆಸುವ ಕಾಮಗಾರಿ ಬರೆಯುವಾಗ ನೀರುಗಂಟಿ ಮನೆತನದ ಹಿರಿಯರನ್ನು ಕೇಳಿ ನೀರುಹಂಚಿಕೆಯ ಕ್ರಮವನ್ನೂ ದಾಖಲಿಸಬಹುದು. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಡಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಹಳೆಯ ಕ್ರಮವನ್ನು ಬಲ್ಲವರನ್ನು ಹೊರಗಿಟ್ಟು ಕಟ್ಟುವ ಸಂಘ ಬೈಲಾದಲ್ಲಿ ಉಳಿಯುತ್ತದೆ, ಕೆರೆಯ ಮೇಲೆ ಉಳಿಯುವುದಿಲ್ಲ.

ನಿಮ್ಮ ತಾಲ್ಲೂಕಿನ ಸಾಮೆಯನ್ನೇ ನೋಡಿ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು, ಪೇಟೆಯಲ್ಲಿ ಸಾಮೆಗೆ ಗೌರವವೂ ಬಂತು. ಆದರೆ ಯಾವ ಮಣ್ಣಿಗೆ ಯಾವ ನಾಟಿ ತಳಿ, ಯಾವ ಮಳೆಗೆ ಬಿತ್ತನೆ, ಬೀಜವನ್ನು ಬೂದಿ ಬೆರೆಸಿ ಕಾಯ್ದಿಡುವುದು ಹೇಗೆ ಎಂಬುದನ್ನು ಬಲ್ಲ ಹೆಂಗಸರ ಹೆಸರು ಯಾವ ಕಡತದಲ್ಲೂ ಕಾಣುವುದಿಲ್ಲ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ತಯಾರಿಸಬೇಕು. ಇಂಥ ತಿಳಿವಳಿಕೆ ಸೇರಬೇಕಾದ ಜಾಗ ಅದೇ. ಬಹಳ ಕಡೆ ಅದು ಗುತ್ತಿಗೆಯವರು ಪಕ್ಕದ ಪಂಚಾಯಿತಿಯದನ್ನೇ ನಕಲು ಮಾಡಿಕೊಟ್ಟ ಪುಸ್ತಕವಾಗಿರುತ್ತದೆ. ನಿಮ್ಮದನ್ನು ಒಮ್ಮೆ ತೆರೆಸಿ ನೋಡಿ.

ಅರಣ್ಯ ಹಕ್ಕು ಕಾಯ್ದೆ, 2006ರ 3(1)(ಡಿ) ಕಲಮು ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳ ಋತುಮಾನದ ಮೇವಿನ ಹಕ್ಕನ್ನು ಹೆಸರಿಸಿಯೇ ಮಾನ್ಯ ಮಾಡುತ್ತದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿರುವುದರಿಂದ ಮೇವಿನ ಹಕ್ಕಿನ ಬೇಡಿಕೆಗೆ ಮೇಲಿನ ಮಟ್ಟದಲ್ಲೂ ಒಂದಿಷ್ಟು ಕಿವಿ ಸಿಗಬಹುದು. ಜೋಗಿಮಟ್ಟಿಯ ಸುತ್ತಲಿನ ಗಾಳಿಯಂತ್ರಗಳಿರಲಿ, ಪಾವಗಡದ ಕಡೆಯ ಸೌರಫಲಕಗಳಿರಲಿ, ಶುದ್ಧ ಇಂಧನ ನಮಗೆ ಬೇಕೇ ಬೇಕು; ಆದರೆ ಅದಕ್ಕೆ ಬಳಸುವ ನೆಲದಲ್ಲಿ ಮೇವೂ ಇರುತ್ತದೆ. ಪಾವಗಡದಲ್ಲಿ ಜಮೀನಿದ್ದವರಿಗೆ ಗುತ್ತಿಗೆಯ ಹಣ ಬಂತು, ಅದೇ ಜಮೀನಿನ ಕೂಳೆಯಲ್ಲಿ ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಆ ಹಣದಲ್ಲಿ ಪಾಲಿರಲಿಲ್ಲ. ವಿಶ್ವಬ್ಯಾಂಕಿನ ಸಾಲವಿರುವ ಯೋಜನೆಯಾದರೆ 2018ರಿಂದ ಜಾರಿಯಲ್ಲಿರುವ ಅದರ ಪರಿಸರ-ಸಾಮಾಜಿಕ ಮಾನದಂಡಗಳಲ್ಲಿ ಎಂಟನೆಯದು ಸಾಂಸ್ಕೃತಿಕ ಪರಂಪರೆಗೇ ಮೀಸಲು, ಹತ್ತನೆಯದು ಬಾಧಿತರೊಂದಿಗಿನ ಸಮಾಲೋಚನೆಗೆ. ಯೋಜನೆಯ ಹಣದ ಮೂಲ ಯಾವುದೆಂದು ಮೊದಲ ಸಭೆಯಲ್ಲೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಯಾವ ನಿಯಮ ಹಿಡಿದು ಮಾತನಾಡಬೇಕು ಎಂಬುದು ಅದರ ಮೇಲೆ ನಿಂತಿದೆ.

ಇನ್ನು ಗ್ರಾಮ ಸಭೆ. ಹಟ್ಟಿ, ತಾಂಡಾಗಳು ಮೂಲ ಗ್ರಾಮದಿಂದ ದೂರವಿರುವುದರಿಂದ ಅಲ್ಲಿನವರು ಸಭೆಗೆ ಬರುವುದು ಕಡಿಮೆ. ಆದ್ದರಿಂದ ವಾರ್ಡ್ ಸಭೆಯನ್ನು ಅಲ್ಲಿಯೇ ಕರೆಯಿರಿ, ಕುರಿಗಳು ದೊಡ್ಡಿಗೆ ಮರಳಿದ ಮೇಲಿನ ಹೊತ್ತಿನಲ್ಲಿ. ನಡಾವಳಿಯಲ್ಲಿ 'ಸಂಸ್ಕೃತಿಯನ್ನು ಉಳಿಸಬೇಕು' ಎಂದು ಬರೆಸಿದರೆ ಅದರಿಂದ ಯಾವ ಕೆಲಸವೂ ಆಗದು. ಯಾವ ಸರ್ವೆ ನಂಬರಿನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯಾವ ಹಟ್ಟಿಯ ಕುರಿದನ ಮೇಯುತ್ತದೆ, ನೀರು ಕುಡಿಯುವ ಕಟ್ಟೆ ಯಾವುದು, ದೇವರೆತ್ತು ಹೋಗುವ ದಾರಿ ಯಾವುದು, ಕಂಬಳಿಯ ಹಾಸು ಹಾಕುವ ಜಾಗ ಯಾವುದು ಎಂದು ಬರೆಸಿ, ಹೇಳಿದವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ನಡಾವಳಿ ಸಂಖ್ಯೆಯೊಂದಿಗೆ ದೃಢೀಕೃತ ಪ್ರತಿ ಪಡೆದು ಒಂದನ್ನು ತಹಶೀಲ್ದಾರರಿಗೂ ಒಂದನ್ನು ತಾಲ್ಲೂಕು ಪಂಚಾಯಿತಿಗೂ ಕಳುಹಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಾಳೆ ಆ ಸರ್ವೆ ನಂಬರನ್ನು ಯಾರಾದರೂ ಖಾಲಿ ಜಾಗವೆಂದು ಪ್ರಸ್ತಾವದಲ್ಲಿ ತೋರಿಸಿದರೆ, ಆಕ್ಷೇಪಣೆಯ ಜೊತೆ ಲಗತ್ತಿಸಬೇಕಾದ ಮೊದಲ ದಾಖಲೆ ಅದು.