ಸ್ಪೆಕ್ಟಕಲ್ ಅಂದರೆ ಬರೀ ಜಾಹೀರಾತಲ್ಲ

ಫ್ರೆಂಚ್ ಚಿಂತಕ ಗಿ ಡೆಬೋರ್ ಹೇಳುವ ‘ಸ್ಪೆಕ್ಟಕಲ್’ ಅಂದರೆ ಟಿವಿ, ಜಾಹೀರಾತು ಅಷ್ಟೇನಾ, ಮಾರ್ಕ್ಸ್‌ಗೂ ಅದಕ್ಕೂ ಏನು ನಂಟು ಅಂತ ಕೇಳಿದ್ದೀರಿ. ಅಷ್ಟೇ ಅಲ್ಲ. 1967ರಲ್ಲೇ ಅವರು ಸ್ಪಷ್ಟವಾಗಿ ಬರೆದಿದ್ದಾರೆ: ಅದು ಚಿತ್ರಗಳ ರಾಶಿಯಲ್ಲ, ಚಿತ್ರಗಳ ಮೂಲಕ ನಡೆಯುವ ಮನುಷ್ಯರ ನಡುವಿನ ಸಂಬಂಧ.

ನೀವು ಚಿಕ್ಕಬಳ್ಳಾಪುರದವರು ಅಂದಿದ್ದೀರಿ, ಶಿಡ್ಲಘಟ್ಟದಿಂದಲೇ ಶುರು ಮಾಡೋಣ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತರು ಹರಾಜಿಗೆ ಕಾಯುತ್ತಾರೆ. ನೂಲು ಬಿಚ್ಚುವ ಕಡೆ ಹೆಂಗಸರು ಬಿಸಿನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕುತ್ತಾರೆ. ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ, ಬೆಂದ ಹುಳದ ವಾಸನೆ ಬಟ್ಟೆಗೂ ಅಂಟಿರುತ್ತದೆ. ಅದೇ ರೇಷ್ಮೆ ಸೀರೆಯಾಗಿ ಅಂಗಡಿಗೆ ಬಂದಾಗ ಕಾಣುವುದು ಬೆಲೆ ಚೀಟಿ ಮಾತ್ರ. ಬೆಲೆ ಸೀರೆಗೆ ಹುಟ್ಟಿನಿಂದಲೇ ಬಂದ ಗುಣ ಅನ್ನಿಸುತ್ತದೆ, ದುಡಿದ ಕೈಗಳು ಮರೆಯಾಗುತ್ತವೆ. 1867ರಲ್ಲಿ ಮಾರ್ಕ್ಸ್ ಸರಕಿನ ಫೆಟಿಶಿಸಂ (ಸರಕಿಗೇ ಮಾಯಾಶಕ್ತಿ ಇದೆ ಅನ್ನುವ ಭ್ರಮೆ) ಎಂದು ವಿವರಿಸಿದ್ದು ಇದನ್ನೇ.

ಡೆಬೋರ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹೆದ್ದಾರಿ ಹೋರ್ಡಿಂಗ್‌ನಲ್ಲಿ ನಗುವ ಮದುಮಗಳನ್ನು ನೋಡಿ. ಅಲ್ಲಿ ಸೀರೆಗಿಂತ ಜಾಸ್ತಿ ಮಾರಾಟವಾಗುವುದು ಮದುವೆ ಹೀಗೇ ಕಾಣಬೇಕು ಅನ್ನುವ ಚಿತ್ರ. ಬಾಳುವುದಕ್ಕಿಂತ ವಸ್ತುಗಳನ್ನು ಹೊಂದುವುದು ದೊಡ್ಡದಾಯಿತು, ಆಮೇಲೆ ಹೊಂದುವುದಕ್ಕಿಂತ ಕಾಣಿಸಿಕೊಳ್ಳುವುದು ದೊಡ್ಡದಾಯಿತು ಅನ್ನುವುದು ಅವರ ವಾದ. ಸಾಲ ಮಾಡಿ ಡ್ರೋನ್ ಕ್ಯಾಮೆರಾ ತರಿಸುವ ಮನೆಗಳನ್ನು ನೋಡುತ್ತಲೇ ಇದ್ದೇವೆ, ಅಲ್ವಾ? ಅವರನ್ನು ಸುಮ್ನೆ ದಡ್ಡರು ಅನ್ನಬೇಡಿ. ಊರೆಲ್ಲ ಅದೇ ಚಿತ್ರ ಇಟ್ಟುಕೊಂಡು ಅಳೆಯುವಾಗ ಒಂದು ಮನೆಯವರು ಹೊರಗೆ ನಿಲ್ಲುವುದು ಕಷ್ಟ. ಡೆಬೋರ್ ಸಂಬಂಧ ಅಂದಿದ್ದು ಅದಕ್ಕೇ.

ನನಗೊಂದು ತಕರಾರಿದೆ. ನೋಡುಗರನ್ನು ಅವರು ತೀರಾ ಸುಮ್ಮನೆ ಕೂತವರನ್ನಾಗಿ ಮಾಡುತ್ತಾರೆ. ನಮ್ಮ ಜನ ಜಾಹೀರಾತು ನೋಡಿಯೂ ಚೌಕಾಸಿ ಬಿಡುವುದಿಲ್ಲ.